ಮೀನಿಗೆ ಹಾಕಿದ ಉಪವಾಸ

ಉಪ್ಪುನೀರಿನ ಮೀನುತೊಟ್ಟಿ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಹವಳದ ಮೇಲೆ ಚಪ್ಪಟೆ ಹುಳ ಬಿದ್ದಿದೆ, ಔಷಧಿ ಹಾಕದೆ ತೆಗೆಯೋದು ಹೇಗೆ ಸಾರ್? ಉತ್ತರ ನನಗೆ ಗೊತ್ತು, ಹೇಳುತ್ತೇನೆ. ಆದರೆ ಆ ಉತ್ತರವನ್ನು ನಾನು ಸರಿಯಾಗಿ ಕಲಿಯುವಷ್ಟರಲ್ಲಿ ಮೈಸೂರಿನ ಜಯಲಕ್ಷ್ಮಿಪುರಂನ ಒಬ್ಬ ಹಿರಿಯ ಹೆಂಗಸು ನನ್ನ ಮಾತು ಕೇಳಿ ನರ್ಸಿಂಗ್ ಹೋಮಿನ ಮಂಚ ಸೇರಿದ್ದರು. ಅದನ್ನು ಬಿಟ್ಟು ಬರೀ ವಿದ್ಯೆ ಹೇಳಿಕೊಟ್ಟರೆ ನನ್ನ ಮುಖಕ್ಕೆ ನಾನೇ ಉಗಿದುಕೊಂಡ ಹಾಗಾಗುತ್ತೆ. ಅದಕ್ಕೇ ಎರಡನ್ನೂ ಒಟ್ಟಿಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಗಾಜು ಕತ್ತರಿಸುವವನಾಗಿ ರಾಜಣ್ಣನವರ ಮೀನಿನ ಅಂಗಡಿ ಸೇರಿದೆ. ಮೀನಿನ ಅಂಗಡಿ ಅಂದರೆ ತಿನ್ನುವ ಮೀನಲ್ಲ, ಸಾಕುವ ಮೀನು. ಈ ವ್ಯತ್ಯಾಸ ವಿವರಿಸಿ ವಿವರಿಸಿ ನನ್ನ ಅರ್ಧ ಆಯಸ್ಸು ಹೋಯಿತು. ನಮ್ಮದು ಬೋಗಾದಿ, ಮಠಕ್ಕೆ ನಡೆದುಕೊಳ್ಳುವ ಮನೆ. ಅಪ್ಪ ಲಿಂಗಪೂಜೆ ಮಾಡದೆ ಹನಿ ನೀರು ಮುಟ್ಟಿದವರಲ್ಲ. ಅಂಥವರ ಮಗ ಮೀನಿನ ವಾಸನೆ ಹೊತ್ತುಕೊಂಡು ಬಂದರೆ ಅವರಿಗೆ ಹೇಗಾಗಬೇಡ ಹೇಳಿ. ದಿನಾ ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಕಾಲಿಡುತ್ತಿದ್ದೆ. ನೆಂಟರು ವಿಚಾರಿಸಿದರೆ ಅಪ್ಪ "ಗಾಜಿನ ಕೆಲಸ" ಅನ್ನುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದೆ. ಕೆಲಸದಿಂದ ನನಗೆ ಮೊದಲು ಆದ ನಾಚಿಕೆ ಅದು. ಮುಂದೆ ಆದದ್ದರ ಮುಂದೆ ಅದೇನೂ ಅಲ್ಲ ಬುಡಿ.

ರಾಜಣ್ಣನವರು ಕುಳ್ಳಗಿನ ಆಸಾಮಿ, ಮಾತು ಕಮ್ಮಿ. ಗಿರಾಕಿ ಮುಂದೆ ಒಂದು ದಿನವೂ ನನ್ನನ್ನು ಬೈದವರಲ್ಲ. ಅವರ ಬೈಗುಳವೆಲ್ಲ ವಾಪಸ್ ಬರುವಾಗ ಸ್ಕೂಟರ್ ಮೇಲೆ. ಅವರು ಮುಂದೆ, ನಾನು ಹಿಂದೆ ಪೈಪು ಬಕೆಟ್ಟು ತಬ್ಬಿಕೊಂಡು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು, ಉಳಿದರ್ಧವೇ ಸಾಕಾಗುತ್ತಿತ್ತು. ಮೀನು ನೋಡಬೇಡ, ನೀರು ನೋಡು ಅಂತ ಅವರು ಮೇಲಿಂದ ಮೇಲೆ ಹೇಳುತ್ತಿದ್ದರು. ನಾನು ನೀರನ್ನೇ ನೋಡಿದೆ. ನೀರು ನೋಡುವವನು ಆ ಮನೆಯ ಮನುಷ್ಯರನ್ನೂ ನೋಡಬೇಕು ಅಂತ ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಆದದ್ದು ಒಂದು ಹೋಟೆಲಿನ ಮುಂಗೋಣೆಯಲ್ಲಿ. ಸಮುದ್ರದ ಮೀನಿಗೆ ಉಪ್ಪು ಅಳತೆಯಾಗಿ ಬೆರೆಸಿದ ನೀರು ಬೇಕು, ಅದಕ್ಕೇ ಬೇರೆ ಉಪ್ಪು ಬರುತ್ತೆ, ಅಡಿಗೆ ಉಪ್ಪಲ್ಲ. ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನಾ ಒಂದಿಷ್ಟು ಇಳಿಯುತ್ತಿತ್ತು. ಇಳಿದಷ್ಟಕ್ಕೂ ನಾನು ನಿಯತ್ತಾಗಿ ಉಪ್ಪುನೀರನ್ನೇ ತುಂಬಿಸಿದೆ. ಆವಿಯಾಗಿ ಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತೆ, ಅದಕ್ಕೆ ಬರೀ ಸಿಹಿನೀರು ಹಾಕಬೇಕು ಅನ್ನುವ ಸಣ್ಣ ವಿಷಯ ತಲೆಗೆ ಹತ್ತಲಿಲ್ಲ. ಮೀನುಗಳು ಉಪ್ಪಿನಕಾಯಿ ಆಗುವುದೊಂದು ಬಾಕಿ. ಹೋಟೆಲಿನ ಮ್ಯಾನೇಜರ್ ಎಲ್ಲರ ಎದುರಿಗೆ "ಇವರಿಗೆ ಸಾರಿಗೆ ಉಪ್ಪು ಹಾಕೋಕಾದ್ರೂ ಬರುತ್ತಾ ಕೇಳ್ರೀ" ಅಂದುಬಿಟ್ಟ. ಅವತ್ತು ಸ್ಕೂಟರ್ ಮೇಲೆ ರಾಜಣ್ಣನವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಆಗಿನ ಪದ್ಧತಿಗಳನ್ನು ಕೇಳಿದರೆ ನೀವು ನಗುತ್ತೀರಿ. ತಳದಲ್ಲಿ ಜಲ್ಲಿ, ಅದರ ಕೆಳಗೆ ತೂತಿನ ಪ್ಲಾಸ್ಟಿಕ್ ತಟ್ಟೆ, ಒಂದು ಗಾಳಿ ಮೋಟಾರು, ಮೇಲೊಂದು ಟ್ಯೂಬ್‌ಲೈಟು, ಇಷ್ಟೇ. ಕರೆಂಟ್ ಹೋದರೆ ಲೋಟದಲ್ಲಿ ನೀರು ಎತ್ತಿ ಎತ್ತಿ ಹುಯ್ಯಬೇಕು, ಮೀನಿಗೆ ಉಸಿರಾಡಲು. ಆಮೇಲೆ ನೊರೆಯ ಜೊತೆ ಕೊಳೆ ಎಳೆಯುವ ಯಂತ್ರ ಬಂತು, ಹೊಸ ಬಗೆಯ ದೀಪ ಬಂತು, ಚೆನ್ನೈನ ವ್ಯಾಪಾರಿಗಳು ಜೀವಂತ ಕಲ್ಲು ಅಂತ ಸಮುದ್ರದ ತೂತುಕಲ್ಲು ತಂದುಕೊಟ್ಟರು, ಅದರ ಬೆನ್ನಿಗೇ ಹವಳವೂ ಬಂತು. ಹವಳ ಅಂದರೆ ಉಂಗುರದ ಕೆಂಪು ಹವಳವಲ್ಲ, ನೀರಲ್ಲಿ ಹೂವಿನ ಹಾಗೆ ಬಿರಿಯುವ ಜೀವ. ಆಗ ಅದನ್ನು ತಂದು ಮಾರಿದರೂ ಯಾರೂ ಕೇಳುತ್ತಿರಲಿಲ್ಲ. ಮುಂದೆ ಹವಳ ಕೊಳ್ಳುವುದೂ ಮಾರುವುದೂ ಅಪರಾಧ ಅಂತ ಕಾನೂನು ಬಂತು, ಅಂಗಡಿಯಲ್ಲಿ ಅದನ್ನು ನಿಲ್ಲಿಸಿದೆವು, ಹಳೇ ತೊಟ್ಟಿಗಳಲ್ಲಿ ಉಳಿದದ್ದಷ್ಟೇ ಈಗ ಅಲ್ಲಲ್ಲಿ ಇದೆ. ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಸಮುದ್ರದಿಂದ ಕಿತ್ತು ತಂದದ್ದನ್ನು ಮೈಸೂರಿನ ಹಜಾರದಲ್ಲಿ ಬದುಕಿಸುತ್ತೇವೆ ಅಂತ ಹೊರಟವರು ನಾವು. ನೆನೆಸಿಕೊಂಡರೆ ಈಗ ಮೈ ಮುದುಡುತ್ತೆ.

ಕಲ್ಲು ಬಂದ ಮೇಲೆ ಅದರ ಬೆನ್ನೇರಿ ಹುಳವೂ ಬಂತು. ಮೊದಲ ಸಲ ಕಂಡಾಗ ನಾನು ತುಕ್ಕು ಅಂದುಕೊಂಡೆ. ಗಾಜಿನ ಮೇಲೆ, ಕಲ್ಲಿನ ಮೇಲೆ, ಹವಳದ ಮೇಲೆ ಇಟ್ಟಿಗೆ ಬಣ್ಣದ ಸಣ್ಣ ಸಣ್ಣ ಚುಕ್ಕೆ, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಎಲ್ಲಿಂದಲೋ ಮೊಳೆ ಬಿದ್ದು ತುಕ್ಕು ಹಿಡಿದಿದೆ ಅಂತ ಬ್ರಷ್ ತಗೊಂಡು ಉಜ್ಜಿದೆ. ತುಕ್ಕು ಎದ್ದು ಈಜಿಕೊಂಡು ಹೋಯಿತು. ಅಯ್ಯೋ ಶಿವನೇ ಅಂತ ಕೈ ಕಿತ್ತುಕೊಂಡೆ. ಈ ಹುಳ ಮೀನನ್ನು ಕಚ್ಚುವುದಿಲ್ಲ. ಹವಳದ ಮೇಲೆ ಚಾಪೆ ಹಾಸಿದ ಹಾಗೆ ಹರಡಿ, ಅದಕ್ಕೆ ಬೀಳಬೇಕಾದ ಬೆಳಕನ್ನು ತಾನು ಕುಡಿಯುತ್ತೆ. ಹವಳ ಮುದುರುತ್ತೆ, ಬಿರಿಯುವುದನ್ನೇ ಮರೆಯುತ್ತೆ, ಒಂದು ದಿನ ಕೊಳೆತು ಬೀಳುತ್ತೆ.

ವಿದ್ಯಾರಣ್ಯಪುರಂನಲ್ಲಿ ಒಬ್ಬ ಊದುಬತ್ತಿ ವ್ಯಾಪಾರಿಯ ಮನೆ. ಅಲ್ಲಿ ಹುಳ ಬಿದ್ದಾಗ ನನಗೆ ಅವಸರ. ದನಕ್ಕೆ ಕೊಡುವ ಜಂತುಹುಳದ ಔಷಧಿ ಇದಕ್ಕೂ ನಡೆಯುತ್ತೆ ಅಂತ ಯಾರೋ ಹೇಳಿದ್ದರು. ಹಾಕಿದೆ. ನಡೆಯಿತು ಕಣ್ರಪ್ಪ, ಚೆನ್ನಾಗೇ ನಡೆಯಿತು. ನೋಡುನೋಡುತ್ತಿದ್ದ ಹಾಗೇ ಹುಳಗಳೆಲ್ಲ ಉದುರಿದವು. ನಾನು ಮೀಸೆ ತಿರುವಿಕೊಂಡು ಕಾಫಿ ಕುಡಿದೆ. ಸತ್ತ ಹುಳ ಒಳಗಿನ ವಿಷ ಕಕ್ಕುತ್ತೆ, ರಾಶಿ ಹುಳ ಒಟ್ಟಿಗೆ ಸತ್ತರೆ ತೊಟ್ಟಿಯ ನೀರೇ ವಿಷವಾಗುತ್ತೆ ಅನ್ನುವುದು ಗೊತ್ತಿರಲಿಲ್ಲ. ಸಂಜೆಗೆ ಮೀನುಗಳೆಲ್ಲ ಮಗುಚಿಕೊಂಡು ತೇಲಿದವು. ಆ ಮನೆಯ ಚಿಕ್ಕ ಮಗಳು ಅಳುತ್ತಾ ಒಂದೊಂದರ ಹೆಸರು ಹೇಳಿದಳು. ಮೀನಿಗೆ ಹೆಸರಿಟ್ಟಿದ್ದಾರೆ ಅಂತಲೂ ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ನಾನು ಔಷಧಿಗೆ ಕೈಮುಗಿದೆ. ಇನ್ನು ಮುಂದೆ ಪ್ರಕೃತಿಯ ದಾರಿ ಅಂದೆ. ಒಳ್ಳೆಯ ದಾರಿಯೇ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಕಂಡಕಂಡವರ ಮುಂದೆ ಅದನ್ನೇ ಕೊಚ್ಚಿಕೊಳ್ಳತೊಡಗಿದೆ. ಹಣೆ ತುಂಬಾ ವಿಭೂತಿ ಬೇರೆ. ಬಸವರಾಜು ಅಂದರೆ ಹುಳವನ್ನೂ ವಿಷ ಹಾಕಿ ಕೊಲ್ಲದ ಮನುಷ್ಯ ಅಂತ ಜನ ಅಂದರು. ಹಾಗಲ್ಲ, ನಾನು ಸಾಯಿಸಿದ ಮೀನುಗಳ ಪುಣ್ಯದಿಂದ ಬಂದ ಬುದ್ಧಿ ಇದು ಅಂತ ನಾನು ತಿದ್ದಲಿಲ್ಲ. ಕೇಳಲು ಹಿತವಾಗಿತ್ತು.

ಈ ಹೆಸರು ಕೇಳಿಯೇ ಜಾನಕಮ್ಮನವರು ನನ್ನನ್ನು ಕರೆಸಿದರು. ಜಯಲಕ್ಷ್ಮಿಪುರಂನ ಹಳೇ ಮನೆ, ಒಂದು ಕಾಲಕ್ಕೆ ಅರಮನೆಯಲ್ಲಿ ವೇದಪಾಠ ಹೇಳುತ್ತಿದ್ದ ವಂಶ. ಅವರ ಯಜಮಾನರು ಕಾಲೇಜು ಮೇಷ್ಟರಾಗಿದ್ದು ನಿವೃತ್ತರಾದ ಮೇಲೆ ಸಮುದ್ರದ ತೊಟ್ಟಿಯ ಹುಚ್ಚು ಹಿಡಿಸಿಕೊಂಡಿದ್ದರು. ಮಡಿ ಆಚಾರದ ಮನೆಗೆ ಮೀನೇ ಅಂತ ಜಾನಕಮ್ಮನವರು ಮೊದಲು ಆ ಹಜಾರಕ್ಕೇ ಕಾಲಿಡುತ್ತಿರಲಿಲ್ಲವಂತೆ. ಯಜಮಾನರು ತೀರಿಕೊಂಡ ಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲವಾಗಿ ಇವರೇ ಕೈಹಾಕಿದರು. ಮಗಳು ಸುಧಾ ಜೊತೆಗೇ ಇದ್ದರು, ಬ್ಯಾಂಕಿನ ಕೆಲಸ, ಬೆಳಗ್ಗೆ ಹೊರಟರೆ ಸಂಜೆಗೇ ಬರುವುದು. ಅಳಿಯನಿಗೆ ಬೇರೆ ಊರಿಗೆ ವರ್ಗವಾಗಿತ್ತು.

ತೊಟ್ಟಿಯ ನಡುವೆ ಒಂದು ಮೆತ್ತನೆಯ ಹವಳ. ಬಿರಿದರೆ ಹತ್ತಾರು ಬೆರಳು ಅಲ್ಲಾಡಿದ ಹಾಗೆ ಕಾಣುತ್ತಿತ್ತು. ಯಜಮಾನರು ಕೊನೆಯದಾಗಿ ತಮ್ಮ ಕೈಯಾರೆ ಕೂರಿಸಿದ್ದು ಅದು. ನಾನು ಹೋದಾಗ ಅದರ ಮೇಲೆಲ್ಲ ಇಟ್ಟಿಗೆ ಬಣ್ಣದ ಹುಳ ಮುತ್ತಿಕೊಂಡು, ಹವಳ ಬಾಡಿದ ಬದನೆಕಾಯಿ ಥರ ಕುಗ್ಗಿತ್ತು. "ಮಿಕ್ಕಿದ್ದೆಲ್ಲಾ ಹೋದ್ರೂ ಹೋಗ್ಲಿ, ಇದೊಂದು ಉಳಿಸಿಕೊಡಿ ಬಸವರಾಜು" ಅಂದರು. ಔಷಧಿ ಹಾಕುವುದಿಲ್ಲ ತಾನೇ ಅಂತಲೂ ಕೇಳಿದರು. ಇಲ್ಲಮ್ಮ, ಹುಳ ತಿನ್ನುವ ಮೀನು ತಂದು ಬಿಡುತ್ತೇನೆ ಅಂದೆ. ಅವರು ನಕ್ಕು, ಪಾಪವನ್ನು ಮೀನಿನ ಹೊಟ್ಟೆಗೆ ದಾಟಿಸಿಬಿಟ್ರಲ್ಲ, ಜಾಣರು ಕಣ್ರೀ ನೀವು ಅಂದರು.

ಆರು ಗೆರೆಯ ಒಂದು ಪುಟ್ಟ ಮೀನಿದೆ, ಕಲ್ಲಿನ ಸಂದುಗೊಂದಿಯಲ್ಲಿ ನುಸುಳಿ ಸಣ್ಣ ಹುಳ ಹೆಕ್ಕಿ ತಿನ್ನುತ್ತೆ. ಚೆನ್ನೈನಿಂದ ತರಿಸಿ ಬಿಟ್ಟೆ. ಅದು ಒಂದು ಸುತ್ತು ಹೊಡೆಯಿತು, ನಾಲ್ಕು ಹುಳ ನುಂಗಿತು, ಮೂಲೆಗೆ ಹೋಗಿ ಕೂತುಕೊಂಡಿತು. ಯಾಕೆ ಅಂತ ತಿಳಿಯಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಜಾನಕಮ್ಮನವರು ಮೀನಿಗೆ ಊಟ ಹಾಕುವುದನ್ನು ಕಂಡೆ. ಸ್ನಾನ, ಪೂಜೆ ಮುಗಿಸಿ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಬಂದು, ಡಬ್ಬಿಯಿಂದ ಊಟದ ಪುಡಿಯನ್ನು ಧಾರಾಳವಾಗಿ ಎತ್ತಿ ನೀರಿಗೆ ಉದುರಿಸುತ್ತಿದ್ದರು. ಆ ಪುಡಿಯಲ್ಲಿ ಒಣ ಸೀಗಡಿ ಇರುತ್ತೆ ಅಂತ ಅವರು ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ಪ್ರತಿಯೊಂದು ಮೀನೂ ಮೇಲೆ ಬಂದು ತಿನ್ನುವವರೆಗೂ ನಿಂತು ನೋಡಿ, ಆಮೇಲೆ ಅಡಿಗೆಮನೆಗೆ ಹೋಗುತ್ತಿದ್ದರು. ಮುಂಚೆ ಅವರ ಗೇಟಿಗೆ ದಿನಾ ಒಂದು ಹಸು ಬರುತ್ತಿತ್ತಂತೆ, ಅದಕ್ಕೆ ಮೊದಲ ತುತ್ತು ಕೊಟ್ಟು ತಾವು ಉಣ್ಣುತ್ತಿದ್ದರಂತೆ. ಬೀದಿಯಲ್ಲಿ ಹಸು ಓಡಾಡುವುದು ನಿಂತಿತು. ಆ ಪಾಲು ಈಗ ಇವಕ್ಕೆ ಅಂತ ಒಂದು ದಿನ ತಾವಾಗಿಯೇ ಹೇಳಿದರು. ನಾನು ಪೈಪು ತೊಳೆಯುತ್ತಾ ಕೇಳಿಸಿಕೊಂಡೆ. ಕಿವಿಗೆ ಬಿತ್ತು, ಅಷ್ಟೇ.

ಹೊಟ್ಟೆ ತುಂಬಿದ ಮೀನು ಹುಳದ ಗೋಜಿಗೆ ಯಾಕೆ ಹೋಗುತ್ತೆ? ಅದೂ ಅಲ್ಲದೆ ತಿಂದು ಮಿಕ್ಕ ಪುಡಿ ಕೊಳೆತು ನೀರು ಗೊಬ್ಬರವಾಗಿ ಹುಳಕ್ಕೇ ಅನುಕೂಲ. ಆದ್ದರಿಂದ ಊಟ ಕಮ್ಮಿ ಮಾಡಬೇಕು. ಇದು ಸರಿಯಾದ ಮಾತೇ. ನಾನು ಜಾನಕಮ್ಮನವರಿಗೆ ನಗುನಗುತ್ತಾ ಹೇಳಿದೆ, ಮೀನಿಗೆ ಸ್ವಲ್ಪ ದಿನ ಉಪವಾಸ ಹಾಕೋಣ ಅಮ್ಮ, ದಿನ ಬಿಟ್ಟು ದಿನ ಕೊಡಿ ಅಂತ.

"ಹಸಿವಾಗಲ್ವೇ ಅವಕ್ಕೆ?"

"ಹಸಿವಾಗಲಿ ಅಂತಲೇ ಅಮ್ಮ. ಹಸಿದರೆ ತಾನೇ ಹುಳ ತಿನ್ನೋದು."

ಅವರು ಹವಳದ ಕಡೆ ನೋಡಿದರು. "ಆಗ್ಲಿ ಬಿಡಿ" ಅಂದರು. ಇಷ್ಟು ಸುಲಭಕ್ಕೆ ಒಪ್ಪಿದರಲ್ಲ ಅಂತ ನನಗೆ ಖುಷಿಯೋ ಖುಷಿ.

ಹುಳ ಕಮ್ಮಿಯಾಗತೊಡಗಿತು, ಆದರೆ ನನಗೆ ಸಾಲದು. ವಿದ್ಯಾರಣ್ಯಪುರಂನಲ್ಲಿ ಹೋದ ಮಾನವನ್ನು ಜಯಲಕ್ಷ್ಮಿಪುರಂನಲ್ಲಿ ವಾಪಸ್ ಪಡೆಯಬೇಕಿತ್ತು. ವಾರಕ್ಕೆ ಎರಡೇ ಸಲ ಕೊಡಿ, ಸೋಮವಾರ ಮತ್ತು ಗುರುವಾರ, ಮಿಕ್ಕ ದಿನ ಡಬ್ಬಿ ಮುಟ್ಟಲೇಬೇಡಿ ಅಂದೆ. ಮನಸ್ಸು ಕರಗಿ ನಡುವೆ ಹಾಕಿಬಿಟ್ಟರೆ ಅಷ್ಟು ದಿನದ ಕೆಲಸ ಹಾಳು, ಆ ಹವಳಕ್ಕೆ ನಾನು ಜವಾಬ್ದಾರನಲ್ಲ ಅಂತಲೂ ಸೇರಿಸಿದೆ. ಕಡ್ಡಿ ಮುರಿದ ಹಾಗೆ ಹೇಳಿದೆ, ಯಾರೋ ದೊಡ್ಡ ಡಾಕ್ಟರ ಹಾಗೆ. ಅವರು ಅದಕ್ಕೂ ತಲೆಯಾಡಿಸಿದರು.

ನಾನು ಹೋಗುತ್ತಿದ್ದದ್ದು ಬೆಳಗ್ಗೆ ಹೊತ್ತು. ಆ ಮನೆಯಲ್ಲಿ ಕೆಲಸಕ್ಕೆ ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸುವ ಪದ್ಧತಿಯೇ ಇಲ್ಲ. ಉಪ್ಪಿಟ್ಟೋ ಅವಲಕ್ಕಿಯೋ ತಟ್ಟೆ ತುಂಬಾ ಹಾಕಿ, ಪಕ್ಕದಲ್ಲಿ ಕಾಫಿ ಇಟ್ಟು, ಜಾನಕಮ್ಮನವರು ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು. ಮೈಸೂರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ ನಾನೂ ಕೇಳುತ್ತಿದ್ದೆ, ನಿಮ್ಮದಾಯ್ತಾ ಅಮ್ಮ ಅಂತ. ಆಗುತ್ತೆ, ನೀವು ತಗೊಳ್ಳಿ ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಬಾಯಲ್ಲಿ ತುತ್ತು ಇರುತ್ತಿತ್ತು. ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳುತ್ತಿದ್ದೆ. ತಿನ್ನುತ್ತಲೇ ಅವರ ಮುಖ ಇಳಿದಿದೆ ಅಂತ ನನಗೆ ಕಾಣದೇ ಇರಲಿಲ್ಲ. ವಯಸ್ಸಾಯ್ತಲ್ಲ ಅಂದುಕೊಂಡೆ. ಕಾಫಿ ಲೋಟ ತರುವಾಗ ಕೈ ನಡುಗಿ ತಟ್ಟೆಗೆ ಚೆಲ್ಲಿದ್ದೂ ಉಂಟು. ನಾನು ಆ ಚೆಲ್ಲಿದ್ದನ್ನೂ ಲೋಟಕ್ಕೆ ಸುರಿದುಕೊಂಡು ಕುಡಿದೆ.

ಒಂದು ಬೆಳಗ್ಗೆ ಅಂಗಡಿಗೆ ಹೋದರೆ ರಾಜಣ್ಣನವರು ಫೋನಿನ ಪಕ್ಕ ನಿಂತಿದ್ದರು. ಜಾನಕಮ್ಮನವರು ಹಿಂದಿನ ದಿನ ದೇವರಮನೆಯಲ್ಲಿ ಬಿದ್ದುಬಿಟ್ಟಿದ್ದಾರೆ, ನರ್ಸಿಂಗ್ ಹೋಮಿಗೆ ಸೇರಿಸಿದ್ದಾರೆ, ಮಗಳು ನಿನ್ನನ್ನು ಬರಹೇಳಿದ್ದಾರೆ ಅಂದರು. ಯಾಕೆ ನನ್ನನ್ನು ಅಂದೆ. ಅವರು ಕಣ್ಣು ತಪ್ಪಿಸಿ, ಹೋಗು ಕಣಯ್ಯ, ಅವರ ಬಾಯಿಂದಲೇ ಕೇಳು ಅಂದರು. ನನ್ನ ಲೂನಾ ಗಾಡಿ ಹತ್ತಿ ಹೊರಟೆ.

ಸುಧಾ ಮೇಡಂ ವರಾಂಡದಲ್ಲೇ ಸಿಕ್ಕರು. ರಾತ್ರಿ ನಿದ್ದೆಯಿಲ್ಲದೆ ಕಣ್ಣು ಕೆಂಪಗಿತ್ತು. ಕೂಗಾಡಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ಬೆಳಗ್ಗೆ ಎದ್ದು ಮಾತ್ರೆ ನುಂಗಿ ತಿಂಡಿ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಒಂದೇ ಸಮ ಇಳಿಯುತ್ತೆ ಅಂತ ವಿವರಿಸಿದರು. ಅಮ್ಮ ಮಾತ್ರೆ ನುಂಗುತ್ತಿದ್ದರು, ತಿನ್ನುತ್ತಿರಲಿಲ್ಲ. ಏಕಾದಶಿ, ಶನಿವಾರ ಅಂತ ಮೊದಲಿಂದಲೂ ಉಪವಾಸ ಮಾಡುವವರಾದ್ದರಿಂದ ತಮಗೂ ಅನುಮಾನ ಬರಲಿಲ್ಲ ಅಂದರು. ಸಂಜೆ ಮಗಳ ಎದುರಿಗೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ.

"ನೀವು ಮೀನಿಗೆ ಉಪವಾಸ ಹಾಕಿದ್ರಿ ಬಸವರಾಜು. ಅವು ತಿನ್ನದೆ ಅಮ್ಮ ತಿನ್ನಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ? ಬಂದಾಗೆಲ್ಲಾ ನಮ್ಮನೇಲೇ ತಿಂಡಿ ತಿಂತಿದ್ರಲ್ರೀ."

ಭೂಮಿ ಬಾಯಿಬಿಟ್ಟಿದ್ದರೆ ಹಾಗೇ ಇಳಿದುಹೋಗುತ್ತಿದ್ದೆ. ಗೊತ್ತಿರಲಿಲ್ಲ ಅನ್ನೋಣವೆಂದರೆ ಹಸುವಿನ ಪಾಲಿನ ಮಾತನ್ನು ಅವರು ನನಗೇ ಹೇಳಿದ್ದರು. ಗೊತ್ತಿತ್ತು ಅನ್ನೋಣವೆಂದರೆ ಅದಕ್ಕಿಂತ ಹೇಸಿಗೆ ಇನ್ನೊಂದಿಲ್ಲ. ಗೋಡೆ ಒರಗಿ ನಿಂತುಕೊಂಡೆ. ತಿಂದ ಉಪ್ಪಿಟ್ಟೆಲ್ಲ ನೆನಪಾಯಿತು. ಉಪವಾಸ ಇದ್ದ ಮನುಷ್ಯರು ಒಲೆ ಮುಂದೆ ನಿಂತು, ಒಗ್ಗರಣೆ ಹಾಕಿ, ನನಗೆ ಎರಡನೇ ಸಲ ಬಡಿಸಿದ್ದರು. ನಾನು ಕೈ ಅಡ್ಡ ಹಿಡಿದಿರಲಿಲ್ಲ.

ಹುಳ ಕೊನೆಗೆ ಹೇಗೆ ತಗ್ಗಿತು ಅನ್ನುವುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಇನ್ನು ಮುಂದಿನದು ಹೇಳಿದ ಮೇಲೆ ಹುಳದ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಸಣ್ಣ ಪೈಪಿನ ತುದಿಯನ್ನು ಹುಳದ ಮೇಲೆ ಹಿಡಿದು ನೀರಿನ ಜೊತೆ ಎಳೆದುಬಿಡಿ. ಇನ್ನೊಂದು ತುದಿಗೆ ಹಳೇ ಪಂಚೆಯ ಬಟ್ಟೆ ಕಟ್ಟಿ, ನೀರು ಸೋಸಿ ವಾಪಸ್ ಹಾಕಬಹುದು. ಹವಳವನ್ನು ಕಲ್ಲಿನ ಸಮೇತ ಎತ್ತಿ, ತೊಟ್ಟಿಯಷ್ಟೇ ಬೆಚ್ಚಗಿರುವ, ಕ್ಲೋರಿನ್ ವಾಸನೆ ಪೂರ್ತಿ ಹೋದ ಸಿಹಿನೀರಲ್ಲಿ ಒಂದು ಸಲ ಅದ್ದಿ, ಅಲ್ಲಾಡಿಸಿ, ತಡಮಾಡದೆ ಎತ್ತಿಬಿಡಿ. ಹುಳ ಉದುರುತ್ತೆ. ನೀರಿನ ಓಟ ಜೋರು ಮಾಡಿ, ನಿಂತ ನೀರಲ್ಲೇ ಅದು ಬೇರೂರುವುದು. ಆರು ಗೆರೆಯ ಮೀನಿರಲಿ, ಆದರೆ ಅದರ ಮೇಲೇ ಭಾರ ಹಾಕಬೇಡಿ, ಅದಕ್ಕೆ ಮನಸ್ಸು ಬಂದರೆ ತಿನ್ನುತ್ತೆ, ಇಲ್ಲದಿದ್ದರೆ ಇಲ್ಲ. ಊಟ ಚಿಟಿಕೆಯಷ್ಟೇ ಕೊಡಿ, ಆದರೆ ದಿನಾ ಕೊಡಿ. ಜಾನಕಮ್ಮನವರ ಮನೆಗೆ ಅಲ್ಲಿಂದ ಮುಂದೆ ಎಷ್ಟೋ ಕಾಲ ನಾನೇ ಬೆಳಗ್ಗೆ ಬೆಳಗ್ಗೆ ಹೋಗಿ, ಮೊದಲು ಆ ಚಿಟಿಕೆ ಊಟ ಹಾಕಿ, ಆಮೇಲೆ ಪೈಪು ಹಿಡಿಯುತ್ತಿದ್ದೆ. ಹುಳ ಪೂರ್ತಿ ಹೋಗಲಿಲ್ಲ, ಎಲ್ಲೂ ಪೂರ್ತಿ ಹೋಗುವುದಿಲ್ಲ. ಹವಳ ಮಾತ್ರ ಮತ್ತೆ ಬಿರಿಯಿತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ದಿನಾ ಹೋದೆ, ಅಷ್ಟೇ.

ಈಗ ಆ ನರ್ಸಿಂಗ್ ಹೋಮಿನ ಮಾತು. ಒಳಗೆ ಜಾನಕಮ್ಮನವರು ದಿಂಬಿಗೆ ಒರಗಿ ಕೂತಿದ್ದರು. ಕೈಗೆ ಗ್ಲೂಕೋಸ್ ಹಾಕಿದ್ದರು. ಅಪಾಯ ಕಳೆದಿದೆ, ಆದರೆ ಇನ್ನು ಬಾಯಲ್ಲೇ ಊಟ ಶುರುಮಾಡಬೇಕು ಅಂತ ಡಾಕ್ಟರು ಹೇಳಿದ್ದರಂತೆ. ಸುಧಾ ಮೇಡಂ ರವೆ ಗಂಜಿಯ ಲೋಟ ಹಿಡಿದು ಬೆಳಗಿಂದ ಬೇಡಿಕೊಳ್ಳುತ್ತಿದ್ದರು. ಅಮ್ಮ ತುಟಿ ಬಿಚ್ಚುತ್ತಿರಲಿಲ್ಲ. ನನ್ನನ್ನು ಅಲ್ಲಿಗೆ ಕರೆಸಿದ್ದೇ ಅದಕ್ಕೆ.

ನನ್ನನ್ನು ಕಂಡ ತಕ್ಷಣ ಅವರ ಮುಖ ಅರಳಿತು. ಬನ್ನಿ ಅಂತ ಮಂಚದ ಹತ್ತಿರ ಕರೆದರು. ನಾನು ಕಾಲು ಮುಟ್ಟೋಣವೆಂದು ಬಗ್ಗಿದೆ, ಅವರು ಬೇಡ ಅಂತ ಕಾಲು ಎಳೆದುಕೊಂಡರು. ಕ್ಷಮಿಸಿ ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಅದಕ್ಕೂ ಮೊದಲು ಅವರೇ ಕೇಳಿದರು.

"ಇವತ್ತು ಗುರುವಾರ ಅಲ್ವೇ? ಮೀನು ತಿಂದ್ವಾ?"

ಗುರುವಾರ ಅನ್ನುವುದೇ ನನಗೆ ನೆನಪಿರಲಿಲ್ಲ. ಮಗಳು ಹಿಂದಿನ ದಿನದಿಂದ ಆಸ್ಪತ್ರೆಯಲ್ಲೇ ಇದ್ದಾರೆ, ಮನೆಗೆ ಯಾರೂ ಹೋಗಿಲ್ಲ. ಸುಧಾ ಮೇಡಂ ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದರು. ಹೂಂ ಅಂದುಬಿಡಿ ಅಂತ ಆ ಕಣ್ಣು ಬೇಡುತ್ತಿತ್ತು. ನಾನು ಅಂದುಬಿಟ್ಟೆ.

"ತಿಂದ್ವು ಅಮ್ಮ. ನಾನೇ ಹಾಕಿ ಬಂದೆ."

"ಎಲ್ಲಾ ತಿಂದ್ವೇ? ಆ ಗೆರೆ ಮೀನು?"

"ಅದೂ ತಿಂತು."

ಅವರು ಉಸಿರು ಬಿಟ್ಟು ಲೋಟಕ್ಕೆ ಕೈ ಚಾಚಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೇಳಿದ ಸುಳ್ಳನ್ನು ಆದಷ್ಟು ಬೇಗ ನಿಜ ಮಾಡಿಬಿಡೋಣ, ಹೋಗಿ ಹಾಕಿಬಿಡೋಣ ಅಂತ ಬಾಗಿಲ ಕಡೆ ತಿರುಗಿದೆ. ಬಾಗಿಲಲ್ಲಿ ನಿಂತಾಗ ಹೊಳೆಯಿತು, ಮನೆಗೆ ಬೀಗ. ಬೀಗದ ಕೈ ಸುಧಾ ಮೇಡಂ ಹತ್ತಿರ.

ವಾಪಸ್ ಬಂದು ಅವರ ಕಿವಿಯ ಹತ್ತಿರ ಬಗ್ಗಿ, ಮನೆ ಬೀಗದ ಕೈ ಕೊಡಿ ಮೇಡಂ ಅಂದೆ. ಎಷ್ಟು ಮೆಲ್ಲಗೆ ಅಂದರೂ ಅದು ಸಣ್ಣ ಕೋಣೆ. ಜಾನಕಮ್ಮನವರು ಲೋಟವನ್ನು ತುಟಿಯ ಹತ್ತಿರ ತಂದಿದ್ದವರು ಹಾಗೇ ತಡೆದರು. ನನ್ನನ್ನು ನೋಡಿದರು, ಮಗಳ ಕೈಚೀಲ ನೋಡಿದರು. ಸಿಟ್ಟು ಬರಲಿಲ್ಲ ಅವರಿಗೆ, ಬಂದಿದ್ದರೆ ನಾನು ಬದುಕುತ್ತಿದ್ದೆ. ಲೋಟ ಮೇಜಿನ ಮೇಲಿಟ್ಟು, ತಟ್ಟೆ ಮುಚ್ಚಿದರು.

"ಹೋಗಿ ಬನ್ನಿ ಬಸವರಾಜು. ನಾನು ಕಾಯ್ತೀನಿ."

ಸುಧಾ ಮೇಡಂ ಅಮ್ಮಾ ಅಮ್ಮಾ ಅಂತ ಗೋಗರೆದರು. ಜಾನಕಮ್ಮನವರು ಕಣ್ಣು ಮುಚ್ಚಿ ಒರಗಿಕೊಂಡರು. ನಾನು ಬೀಗದ ಕೈ ಇಸಕೊಂಡು ಹೊರಟೆ.

ಆ ಲೂನಾವನ್ನು ಅವತ್ತು ಓಡಿಸಿದ ಹಾಗೆ ನಾನು ಮತ್ತೆಂದೂ ಓಡಿಸಿಲ್ಲ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಬೀಗ ತೆಗೆದು ಚಪ್ಪಲಿ ಬಿಡುವುದನ್ನೂ ಮರೆತು ಹಜಾರಕ್ಕೆ ನುಗ್ಗಿದೆ. ಮೀನುಗಳು ಗಾಜಿಗೆ ಮೂತಿ ಹಚ್ಚಿ ನಿಂತಿದ್ದವು. ಪುಡಿ ಉದುರಿಸಿದೆ. ಎಲ್ಲವೂ ಬಂದವು, ಗೆರೆ ಮೀನು ಬರಲಿಲ್ಲ. ಅದು ಹಿಂದಿನ ಕಲ್ಲಿನ ಸಂದಿನಲ್ಲಿತ್ತು. ಬಂದಷ್ಟು ಬಂದವು ಅಂತ ಹೊರಟುಬಿಡಬಹುದಿತ್ತು. ಅರ್ಧ ಸುಳ್ಳು ಹೊತ್ತುಕೊಂಡು ಮತ್ತೆ ಆ ಮಂಚದ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಅಂಗಿಯ ತೋಳು ಮಡಿಚಿ, ಪುಡಿಯನ್ನು ಬೆರಳಲ್ಲಿ ಹಿಡಿದು, ನೀರೊಳಗೆ ಕೈ ಇಳಿಸಿ ಆ ಸಂದಿನ ಬಾಯಿಗೆ ಹಿಡಿದು ನಿಂತೆ. ಕೈ ಮರಗಟ್ಟಿತು. ಕೊನೆಗೆ ಅದು ಮೂತಿ ಹೊರಗೆ ಹಾಕಿ ಬೆರಳಿಂದಲೇ ಕಿತ್ತುಕೊಂಡು ತಿಂದಿತು. ಒರೆಸಿಕೊಳ್ಳುವಷ್ಟೂ ನಿಲ್ಲದೆ ಬೀಗ ಹಾಕಿ ಹೊರಟೆ.

ಕೋಣೆಗೆ ಬಂದಾಗ ಗಂಜಿ ಮುಚ್ಚಿಟ್ಟ ಹಾಗೇ ಇತ್ತು. ಜಾನಕಮ್ಮನವರು ಕಣ್ಣು ತೆರೆದರು. ಹಾಕಿ ಬಂದೆ ಅಮ್ಮ, ಎಲ್ಲಾ ತಿಂದ್ವು, ಗೆರೆ ಮೀನೂ ತಿಂತು ಅಂದೆ. ಸ್ವಲ್ಪ ಹೊತ್ತಿನ ಮುಂಚೆ ಇದೇ ಜಾಗದಲ್ಲಿ ನಿಂತು ಇವೇ ಮಾತು ಹೇಳಿದ್ದೆ. ನನ್ನ ಬಾಯಿಗೆ ಇನ್ನು ಅವರ ಹತ್ತಿರ ಬೆಲೆ ಇಲ್ಲ ಅಂತ ಹೇಳುತ್ತಿರುವಾಗಲೇ ಗೊತ್ತಾಯಿತು. ಅವರು ನನ್ನ ಮುಖ ನೋಡಲೇ ಇಲ್ಲ. ಕೈ ನೋಡಿದರು. ತೊಟ್ಟಿಯ ನೀರು ದಾರಿಯ ಗಾಳಿಗೆ ಒಣಗಿ, ಬೆರಳಿಂದ ಮೊಣಕೈವರೆಗೆ ಉಪ್ಪು ಬೆಳ್ಳಗೆ ಅಂಟಿಕೊಂಡಿತ್ತು.

ಅದನ್ನು ನೋಡಿದ ಮೇಲೆ ಅವರು ಮಗಳ ಕಡೆ ತಿರುಗಿ ಲೋಟ ಕೊಡು ಅಂದರು.